ಮದ್ದಳೆ ಯಾರ್ದು?

ಡಿಸೆಂಬರ್ ಬಂತು ಅಂದ್ರೆ ಈ ಹಾಡು ಕೇಳೋ ಆ್ಯಪ್‌ಗಳು ವರ್ಷದ ಲೆಕ್ಕ ಒಪ್ಪಿಸ್ತವೆ, ಇಷ್ಟು ನಿಮಿಷ ಕೇಳಿದ್ರಿ, ಇಂಥೋರನ್ನ ಜಾಸ್ತಿ ಕೇಳಿದ್ರಿ ಅಂತ. ಹೊಟ್ಟೆಪಾಡಿಗೆ ಮುಂಬೈಯ ಫೋರ್ಟಲ್ಲಿ ಲೆಕ್ಕ ಬರೆಯೋ ಮನುಷ್ಯ ನಾನು, ಲೆಕ್ಕ ಅಂತ ಕಣ್ಣಿಗೆ ಬಿದ್ರೆ ಮೇಲಿಂದ ಕೆಳಗೆ ಓದ್ದೆ ಬಿಡಲ್ಲ. ಕಳೆದ ಸಲ ತೆಗೆದು ನೋಡಿದ್ರೆ ಸಿ. ಅಶ್ವಥ್ ಎರಡನೇ ಜಾಗದಲ್ಲಿದ್ರು, ಇಂಗ್ಲಿಷ್ ರಾಕ್ ಬ್ಯಾಂಡ್ ಐರನ್ ಮೇಡನ್ ನಾಲ್ಕನೇದು, ಇದೆಲ್ಲ ಸರಿ, ಆದ್ರೆ ಮೊದಲನೇ ಜಾಗದಲ್ಲಿ ನಾನು ಹೆಸರೇ ಕೇಳಿರದ ಒಂದು ಬ್ಯಾಂಡು ಕಾಲ ಮೇಲೆ ಕಾಲು ಹಾಕ್ಕೊಂಡು ಕೂತಿತ್ತು. ಒತ್ತಿ ಕೇಳಿದ್ರೆ ಟ್ಯೂನು ಗೊತ್ತಿರೋದೇ. ಬೆಳಗ್ಗೆ ಡೊಂಬಿವಲಿ ಫಾಸ್ಟ್ ಲೋಕಲ್ಲಲ್ಲಿ ಮೂರನೇ ಸೀಟಲ್ಲೋ ನಾಲ್ಕನೇ ಸೀಟಲ್ಲೋ ಅರ್ಧ ಕುಂಡೆ ಊರಿಕೊಂಡು ಹಾಕ್ಕೊಳ್ಳೋ ಪ್ಲೇಲಿಸ್ಟಲ್ಲಿ ದಿನಾ ಬರೋದು. ಒಂದು ಗಿಟಾರು, ಹಿಂದೆ ಮೆತ್ತಗೆ ಬಾರಿಸಿದ ಡ್ರಮ್ಸು, ಮಧ್ಯ ಮಧ್ಯ ದೂರದಲ್ಲೆಲ್ಲೋ ಊದಿದ ಹಾಗೆ ಟ್ರಂಪೆಟ್ಟು. ಚೆನ್ನಾಗೇ ಇದೆ, ಸುಳ್ಳು ಯಾಕೆ ಹೇಳ್ಲಿ.

ಯಾರಪ್ಪ ಇವ್ರು ಅಂತ ಹುಡುಕ್ತಾ ಹೋದೆ. ಒಬ್ಬರ ಹೆಸರೂ ಇಲ್ಲ. ಎಲ್ಲೂ ಸ್ಟೇಜ್ ಹತ್ತಿದ ಸುದ್ದಿ ಇಲ್ಲ. ಒಂದೇ ವರ್ಷದಲ್ಲಿ ಹನ್ನೊಂದು ಆಲ್ಬಂ. ಒಂದು ಫೋಟೋ ಇತ್ತು, ನಾಲ್ಕು ಹುಡುಗ್ರು, ನಾಲ್ಕೂ ಮುಖಕ್ಕೆ ಒಂದೇ ಡಬ್ಬಿಯ ವಾರ್ನಿಶ್ ಹೊಡೆದ ಹಾಗೆ ಮಿಂಚು. ಆಗ ತಲೆಗೆ ಹೋಯ್ತು. 2025ರ ಮಧ್ಯದಲ್ಲಿ ವೆಲ್ವೆಟ್ ಸನ್‌ಡೌನ್ ಅಂತ ಒಂದು ಬ್ಯಾಂಡಿನ ಗಲಾಟೆ ಆಯ್ತಲ್ಲ, ಸ್ಪಾಟಿಫೈನಲ್ಲಿ ತಿಂಗಳಿಗೆ ಹತ್ತು ಲಕ್ಷಕ್ಕೂ ಜಾಸ್ತಿ ಜನ ಕೇಳ್ತಿದ್ದಾರೆ ಅಂತ ತೋರಿಸ್ತಿತ್ತು, ಆಮೇಲೆ ನೋಡಿದ್ರೆ ಎಐ ಹೆತ್ತ ಕೂಸು ಅಂತ ಅವ್ರೇ ಒಪ್ಕೊಂಡ್ರು. ಆವಾಗ ಅದನ್ನ ಓದಿ ಕೇಳೋ ಜನಕ್ಕೆ ಕಿವಿ ಇಲ್ವಾ ಅಂತ ಆಫೀಸ್ ಕ್ಯಾಂಟೀನಲ್ಲಿ ನಕ್ಕಿದ್ದೆ. ಈಗ ನನ್ನ ಮನೆ ಲೆಕ್ಕದಲ್ಲೇ ಬಂದಿದೆ.

ಮಗಳ ಹತ್ರ ಹೇಳ್ಕೊಂಡೆ. ಕಾಲೇಜಲ್ಲಿದ್ದಾಳೆ, ಫೋನಿಂದ ತಲೆ ಎತ್ತದೆ ಕೇಳಿದ್ಲು: "ಇಷ್ಟ ಆಗಿತ್ತಲ್ವಾ ಪಪ್ಪಾ? ಮತ್ತೆ ಯಾರು ಬಾರಿಸಿದ್ರೇನು?"

ನಾನು ದೊಡ್ಡ ಭಾಷಣ ಶುರು ಮಾಡಿದೆ, ಸೃಜನಶೀಲತೆ, ಮನುಷ್ಯನ ಬೆವರು, ಆತ್ಮ, ಅದೂ ಇದೂ. ಎರಡು ನಿಮಿಷಕ್ಕೆ ನನಗೇ ಯಾವುದೋ ವಾಟ್ಸಾಪ್ ಫಾರ್ವರ್ಡ್ ಗಟ್ಟಿಯಾಗಿ ಓದ್ತಿದ್ದೀನಿ ಅನ್ನಿಸಿ ನಿಲ್ಲಿಸಿದೆ. ಆದ್ರೆ ಅವಳ ಪ್ರಶ್ನೆ ಮಾತ್ರ ಹಲ್ಲಿನ ಸಂದಿಯ ಕೊಬ್ಬರಿ ಚೂರಿನ ಹಾಗೆ, ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗ್ತಿದೆ.

ಕೆಓಟಿ ನಂಬರ್ 347

1995ರಲ್ಲಿ ಪಿಯುಸಿ ಮುಗಿಸಿ ಕುಂದಾಪುರದಿಂದ ಬಸ್ ಹತ್ತಿ ಬಂದೋನು ನಾನು. ಮಾಮಂದು ಥಾಣೆಯಲ್ಲಿ ಹೋಟ್ಲು. ಕೆಳಗೆ ಇಡ್ಲಿ ವಡೆ, ಮೇಲೆ ಪರ್ಮಿಟ್ ರೂಮು ಅಂದ್ರೆ ಬಾರು, ಸಂಜೆ ಏಳರ ಮೇಲೆ ಆರ್ಕೆಸ್ಟ್ರಾ. ಮುಂಬೈ ಕನ್ನಡಿಗರ ಮನೆಗಳಲ್ಲಿ ಈ ಮೇಲಿನ ಮಾಳಿಗೆ ವಿಷಯ ಯಾರೂ ಹೆಚ್ಚು ಮಾತಾಡಲ್ಲ, ಊರಲ್ಲಿ ಕೇಳಿದ್ರೆ "ಹೋಟ್ಲ್ ಇತ್ತ್" ಅಂತಷ್ಟೇ, ಸಂಘದ ವಾರ್ಷಿಕೋತ್ಸವಕ್ಕೆ ಕೊಟ್ಟ ದೇಣಿಗೆಯಲ್ಲಿ ಇಡ್ಲಿದೆಷ್ಟು ಬಿಯರಿಂದೆಷ್ಟು ಅಂತ ಯಾರೂ ಬಿಡಿಸಿ ನೋಡಲ್ಲ. ನನಗೆ ಹಗಲು ಕಾಲೇಜು, ಸಂಜೆ ಮೇಲಿನ ಗಲ್ಲೆ. ಗಲ್ಲೆಯಿಂದ ಸ್ಟೇಜು ನೇರ ಕಾಣ್ತಿತ್ತು. ಸ್ಟೇಜು ಅಂದ್ರೆ ಒಂದಡಿ ಎತ್ತರದ ಹಲಗೆ, ಮೇಲೊಂದು ಕೆಂಪು ಕಾರ್ಪೆಟ್, ಸಿಗರೇಟಿನ ತೂತುಗಳು. ಹಾಡೋಕೆ ಒಬ್ಬ ಗಂಡಸು ಒಬ್ಬ ಹೆಂಗಸು, ಆಕ್ಟೋಪ್ಯಾಡ್ ಅನ್ನೋ ಎಲೆಕ್ಟ್ರಾನಿಕ್ ಡ್ರಮ್ಮು ಬಾರಿಸೋ ಒಬ್ಬ ಹುಡುಗ, ಒಬ್ಬರು ಕೀಬೋರ್ಡ್. ನಾಲ್ಕೇ ಜನ. ಗಿರಾಕಿಗಳು ಟಿಶ್ಯೂ ಪೇಪರಲ್ಲಿ ಹಾಡಿನ ಹೆಸರು ಬರೆದು ನೋಟು ಸುತ್ತಿ ಕಳಿಸೋರು.

ಕೀಬೋರ್ಡಿನೋರು ಗೋವಾದವ್ರು. ಐವತ್ತೈದು ದಾಟಿತ್ತೇನೋ, ಬೋಳು ತಲೆ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಸಂಜೆ ಐದಕ್ಕೇ ಬಂದು ಕೆಳಗೆ ಎರಡು ಗೋಳಿಬಜೆ ಒಂದು ಕಟಿಂಗ್ ಚಾ ಮುಗಿಸಿ ಮೇಲೆ ಹತ್ತೋರು. ನಾನು ಅಂಕಲ್ ಅಂತಿದ್ದೆ. ಅವ್ರು ಮೊದಲು ಕೀಬೋರ್ಡಿನೋರಲ್ಲ, ವಯಲಿನ್‌ನೋರು. ತಾಡ್‌ದೇವ್‌ನ ಫಿಲ್ಮ್ ಸೆಂಟರಲ್ಲಿ ಹಿಂದಿ ಸಿನಿಮಾ ರೆಕಾರ್ಡಿಂಗ್‌ಗೆ ಹಿಂದಿನ ಸಾಲಲ್ಲಿ ಕೂತು ಬಾರಿಸಿದ್ರಂತೆ ವರ್ಷಗಟ್ಟಲೆ. ಸಿಂಥಸೈಜರ್ ಬಂದ್ಮೇಲೆ ಇಪ್ಪತ್ತು ಮೂವತ್ತು ವಯಲಿನ್ ಕೂರಿಸೋ ಕೆಲಸವನ್ನ ಒಂದೇ ಕೈ ಮಾಡ್ತು, ಕರೆಯೋದು ಕಮ್ಮಿ ಆಯ್ತು, ಆ ವಯಸ್ಸಲ್ಲಿ ಹೊಸದಾಗಿ ಕೀಬೋರ್ಡ್ ಕಲಿತು ಮಾಮನ ಹೋಟ್ಲು ಹತ್ತಿದ್ರು. ತನ್ನ ಹೊಟ್ಟೆಗೆ ಹೊಡೆದ ಪೆಟ್ಟಿಗೆಯನ್ನೇ ಬಾರಿಸಿ ಹೊಟ್ಟೆ ತುಂಬ್ಸಿಕೊಂಡ್ರು ಅಂತ ಈಗ ಅನ್ನಿಸ್ತದೆ, ಆವಾಗ ನನಗೆ ಅನ್ನಿಸಿದ್ದು ಇವ್ರು ಯಾಕೆ ಸ್ವಲ್ಪ ಜೋರು ಬಾರಿಸಬಾರ್ದು ಅಂತ ಮಾತ್ರ.

ಒಂದು ಶನಿವಾರ ಹುಬ್ಬಳ್ಳಿ ಕಡೆಯ ಟ್ರಾನ್ಸ್‌ಪೋರ್ಟ್ ಸಾಹುಕಾರ್ರು ಒಬ್ರು ಬಂದು ಕೂತಿದ್ರು. ಮೂರನೇ ಪೆಗ್ಗಿಗೆ ಎದ್ದು ನಿಂತು, "ಏನ್ರೀ ಶೆಟ್ರ, ಹೊರಗ ಉಡುಪಿ ಅಂತ ಬೋರ್ಡ್ ಹಾಕೀರಿ, ಒಳಗ ಒಂದಾರ ಕನ್ನಡ ಹಾಡ ಬ್ಯಾಡೇನ್ರೀ?" ಅಂದ್ರು. ಅವರಿಗೆ ಬೇಕಾದ್ದು ರಾಜ್‌ಕುಮಾರ್ ಹಾಡು. ಯಾವ ಹಾಡು ಅಂತ ಹೇಳಲ್ಲ, ಹೇಳಿದ್ರೆ ನೀವು ಓದೋದು ಬಿಟ್ಟು ಗುನುಗಕ್ಕೆ ಶುರು ಮಾಡ್ತೀರಿ. ಆರ್ಕೆಸ್ಟ್ರಾದಲ್ಲಿ ಯಾರಿಗೂ ಬರಲ್ಲ. ಮಾಮ ನನ್ನ ಕಡೆ ತಿರುಗಿ, "ಹ್ವಾಯ್ ಮಾಣಿ, ಆ ಹಾಡ್ ನಿಂಗ್ ಬತ್ತಾ? ಬಂದ್ರೆ ಅವ್ರಿಗೆ ಹೇಳ್ ಕಾಂಬ" ಅಂದ್ರು.

ಅಡುಗೆಮನೆ ಬಾಗಿಲ ಪಕ್ಕ, ಎಕ್ಸಾಸ್ಟ್ ಫ್ಯಾನ್ ಸದ್ದಲ್ಲಿ ನಾನು ಗುನುಗಿದೆ. ಅಂಕಲ್ ಕಿವಿ ನನ್ನ ಬಾಯಿ ಹತ್ರ ತಂದು ಕಣ್ಣು ಮುಚ್ಚಿ ಕೇಳಿದ್ರು. ಆಮೇಲೆ ನನ್ನ ಕೈಯಲ್ಲಿದ್ದ ಕೆಓಟಿ ಪ್ಯಾಡ್, ಅಂದ್ರೆ ಅಡುಗೆಮನೆಗೆ ಆರ್ಡರ್ ಬರೆದು ಕಳಿಸೋ ನಂಬರ್ ಹಾಕಿದ ಚೀಟಿಗಳ ಕಟ್ಟು, ಕಿತ್ಕೊಂಡು, ಅದರ ಹಿಂದೆ ಬಾಲ್‌ಪೆನ್ನಲ್ಲಿ ಸರ ಸರ ಐದು ಗೆರೆ ಎಳೆದ್ರು. ಸ್ಕೇಲ್ ಇಟ್ಟ ಹಾಗೆ ನೇರ. ಗೆರೆಗಳ ಮೇಲೆ ಬಾಲ ಇರೋ ಕಪ್ಪು ಚುಕ್ಕೆಗಳು, ನಮ್ಮ ಅಡುಗೆಮನೆಯಲ್ಲಿ ಬಟ್ಟೆ ಕಟ್ಟಿಟ್ಟ ಹೆಸರುಕಾಳು ಮೊಳಕೆ ಒಡೆದ ಹಾಗೇ. ನಾನು ಹಾಡಿದ್ದು ಕಾಗದದ ಮೇಲೆ ಬಂದಿದ್ದು ನಾನು ಮೊದಲ ಸಲ ನೋಡಿದ್ದು ಅಲ್ಲೇ. ಪಲ್ಲವಿ ಆಯ್ತು. ಚರಣದ ಎರಡನೇ ಸಾಲಿಗೆ ಪೆನ್ನು ನಿಂತೋಯ್ತು. "ಫಿರ್ ಸೆ" ಅಂದ್ರು. ಮತ್ತೆ ಗುನುಗಿದೆ. "ಯಹಾಂ ಕುಛ್ ಹೈ, ತೂ ಖಾ ಗಯಾ" ಅಂದ್ರು. ಇಲ್ಲೇನೋ ಇದೆ, ನೀನು ನುಂಗಿಬಿಟ್ಟೆ. ಆ ಹಾಡನ್ನ ಜನ್ಮದಲ್ಲಿ ಕೇಳಿರದ ಮನುಷ್ಯ, ಕನ್ನಡದ ಒಂದಕ್ಷರ ಬರದ ಮನುಷ್ಯ, ಹುಟ್ಟಿದಾಗಿಂದ ಕೇಳಿದ ನನಗೆ ಹೇಳ್ತಾರೆ, ಇದನ್ನ ಕಟ್ಟಿದೋನು ಯಾರೇ ಆಗ್ಲಿ ಇಲ್ಲಿ ಇಷ್ಟು ನೇರ ಕೆಳಗೆ ಇಳಿದಿರಲ್ಲ ಅಂತ. ಕಣ್ಣು ಮುಚ್ಚಿ ಊರಿನ ಮನೆಯ ಟೇಪ್‌ರೆಕಾರ್ಡರ್ ನೆನೆಸ್ಕೊಂಡೆ. ಹೌದು. ಅಲ್ಲೊಂದು ಸಣ್ಣ ತಿರುವು ಇತ್ತು, ಕೆಳಗೆ ಹೋಗೋ ಮುಂಚೆ ಒಂದು ಮೆಟ್ಟಲು ಮೇಲೆ ಹತ್ತಿ ಇಣುಕಿ ಹೋಗೋದು. ಹಾಡಿದೆ. "ಹಾಂ" ಅಂದ್ರು, ಇನ್ನೆರಡು ಹೆಸರುಕಾಳು ಹಾಕಿದ್ರು.

ಹತ್ತು ನಿಮಿಷಕ್ಕೆ ವಯಲಿನ್ ಟೋನಲ್ಲಿ ಆ ಹಾಡು ಬಂತು. ಹಾಡೋರು ಇಲ್ಲ, ಟ್ಯೂನ್ ಮಾತ್ರ, ಸಾಹುಕಾರ್ರು ಟೇಬಲ್ ಹತ್ರ ನಿಂತು ತಾವೇ ಹಾಡಿದ್ರು, ಕೊನೇ ಚರಣ ಮರೆತು ಪಲ್ಲವಿಯನ್ನೇ ಮೂರು ಸಲ. ಅಂಕಲ್ ಆ ಕಾಗದ ಮಡಚಿ ಅಂಗಿ ಜೇಬಲ್ಲಿ ಇಟ್ಕೊಂಡ್ರು. ಮಾರನೇ ದಿನ ಬೆಳಗ್ಗೆ ಮಾಮ ಕೆಓಟಿ ತಾಳೆ ನೋಡ್ತಾ, ನಂಬರ್ 347 ಎಲ್ಲಿ, ಯಾವ ಟೇಬಲಿಗೆ ಬಿಟ್ಟಿ ಕೊಟ್ಟೆ ಅಂತ ನನ್ನ ಜನ್ಮ ಜಾಲಾಡಿದ್ರು. ಹಾಡು ಬರೆದಿದ್ದು ಅಂದ್ರೆ ನಂಬ್ಲೇ ಇಲ್ಲ.

ಹೆಸರಿಲ್ಲದ ಸಾಲು

ಇದನ್ನೆಲ್ಲ ಮಗಳಿಗೆ ಹೇಳಿ, ನೋಡು ಯಾರು ಬಾರಿಸಿದ್ರೇನು ಅಂದ್ಯಲ್ಲ, ಇಗೋ ವ್ಯತ್ಯಾಸ ಅಂತ ಗೆಲ್ಲೋಣ ಅಂದ್ಕೊಂಡೆ. ಅವಳು ಪೂರ್ತಿ ಕೇಳಿ, "ಅವರ ಹೆಸರೇನು?" ಅಂದ್ಲು.

ಗೊತ್ತಿಲ್ಲ. ಐದು ವರ್ಷ ವಾರಕ್ಕೆ ಆರು ಸಂಜೆ ಆ ಮನುಷ್ಯ ಬಾರಿಸಿದ್ದನ್ನ ಕೇಳಿದ್ದೀನಿ, ಅವರ ಹೆಸರು ಗೊತ್ತಿಲ್ಲ. ಯಾವ ಯಾವ ಸಿನಿಮಾ ಹಾಡಿಗೆ ಬಾರಿಸಿದ್ರು ಅಂತಲೂ ಕೇಳ್ಲಿಲ್ಲ. ಆ ಆಕ್ಟೋಪ್ಯಾಡ್ ಹುಡುಗನ ಹೆಸರೂ ಗೊತ್ತಿಲ್ಲ. ತಮಾಷೆ ಏನಂದ್ರೆ ಅದೇ ವರ್ಷಗಳಲ್ಲಿ ಕಾಲೇಜಿನ ಗೆಳೆಯರ ಸಹವಾಸದಿಂದ ನನಗೆ ರಾಕ್ ಹುಚ್ಚು ಹಿಡಿದಿತ್ತು, ಧೋಬಿ ತಲಾವ್‌ನ ರಂಗ್ ಭವನ್‌ಗೆ ಐ-ರಾಕ್ ಅನ್ನೋ ರಾಕ್ ಉತ್ಸವ ನೋಡಕ್ಕೆ ಸುಳ್ಳು ಹೇಳಿ ಹೋಗ್ತಿದ್ದೆ, ಅಲ್ಲಿಯ ಕಲ್ಲಿನ ಮೆಟ್ಟಲ ಮೇಲೆ ಕೂತು ಒಂದೊಂದು ಬ್ಯಾಂಡಲ್ಲಿ ಬಾಸ್ ಯಾರು, ಹಳೇ ಡ್ರಮ್ಮರ್ ಯಾಕೆ ಬಿಟ್ಟ ಅಂತೆಲ್ಲ ಮನೆ ಮಂದಿ ವಿಷಯ ಮಾತಾಡಿದ ಹಾಗೆ ಮಾತಾಡ್ತಿದ್ವಿ. 2007ರ ಮಾರ್ಚಲ್ಲಿ ಐರನ್ ಮೇಡನ್ ಬೆಂಗಳೂರಿಗೆ ಬಂದಾಗ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಅರಮನೆ ಮೈದಾನಕ್ಕೆ ಹೋಗಿ ಧೂಳಲ್ಲಿ ಕುಣಿದೋನು ನಾನು. ಆರೂ ಜನರ ಹೆಸರು ಬಾಯಿಪಾಠ. ಲಂಡನ್ನಿನ ನಿಕೋ ಮೆಕ್‌ಬ್ರೇನ್ ಡ್ರಮ್ಸ್ ಬಾರಿಸ್ತಿದ್ದ ಅಂತ ಗೊತ್ತು, ಹತ್ತಡಿ ದೂರದಲ್ಲಿ ದಿನಾ ಬಾರಿಸ್ತಿದ್ದೋನ ಹೆಸರು ಗೊತ್ತಿಲ್ಲ.

ನಾನೊಬ್ಬನೇ ಅಲ್ಲ ಬಿಡಿ. ಆ ಇಡೀ ಗೋವಾದ ಸಾಲೇ ಹಾಗೆ. ಆ ಐದು ಗೆರೆಯ ಸ್ಟಾಫ್ ನೊಟೇಶನ್ ಓದಕ್ಕೆ ಬರೆಯಕ್ಕೆ ಬರ್ತಿದ್ದದ್ದು ಹೆಚ್ಚಾಗಿ ಅವರಿಗೇ, ಚರ್ಚ್ ಶಾಲೆಯಲ್ಲಿ ಕಲಿತಿದ್ದು. ಮ್ಯೂಸಿಕ್ ಡೈರೆಕ್ಟರ್ ಹಾರ್ಮೋನಿಯಂ ಮೇಲೆ ಟ್ಯೂನ್ ಕೊಟ್ರೆ ಅದಕ್ಕೆ ವಯಲಿನ್ ಎಲ್ಲಿ ಬರ್ಬೇಕು, ಕೊಳಲು ಎಲ್ಲಿ ಬಿಡ್ಬೇಕು ಅಂತ ಬರೆದು ಹಂಚ್ತಿದ್ದದ್ದು ಅರೇಂಜರ್‌ಗಳು. ಶಂಕರ್ ಜೈಕಿಶನ್ ಹಾಡುಗಳ ಆ ತುಂಬಿ ಹರಿಯೋ ವಯಲಿನ್ ಹಿಂದೆ ಇದ್ದೋರು ಸೆಬಾಸ್ಟಿಯನ್ ಡಿಸೋಜಾ. ಪೋಸ್ಟರಲ್ಲಿ ಬರೋದು ಡೈರೆಕ್ಟರ್ ಹೆಸರು. ಆಂಟನಿ ಗೊನ್ಸಾಲ್ವಿಸ್ ಹೆಸರು ಇಡೀ ದೇಶಕ್ಕೆ ಗೊತ್ತು, ಯಾಕಂದ್ರೆ ಅವರ ಹತ್ರ ವಯಲಿನ್ ಕಲಿತ ಪ್ಯಾರೇಲಾಲ್ 1977ರಲ್ಲಿ ಆ ಹೆಸರನ್ನ ಅಮಿತಾಭ್ ಬಾಯಲ್ಲಿ ಹಾಡಿಸಿಬಿಟ್ರು. ಆದ್ರೆ ಅದು ನಿಜವಾದ ಒಬ್ಬ ಮನುಷ್ಯನ ಹೆಸರು ಅಂತ ಎಷ್ಟು ಜನಕ್ಕೆ ಗೊತ್ತಿತ್ತು? ನನಗಂತೂ 2012ರಲ್ಲಿ ಅವರು ತೀರಿಕೊಂಡ ಸುದ್ದಿ ಪೇಪರಲ್ಲಿ ಓದೋ ತನಕ ಗೊತ್ತಿರಲಿಲ್ಲ. ಮದ್ರಾಸಲ್ಲೂ ಅದೇ ಕಥೆ. ನಮ್ಮ ಜಿ.ಕೆ. ವೆಂಕಟೇಶ್ ಹತ್ರ ಸಹಾಯಕರಾಗಿದ್ದ ಇಳಯರಾಜ ಎಷ್ಟೋ ಕನ್ನಡ ಸಿನಿಮಾಗಳಿಗೆ ಕೆಲಸ ಮಾಡಿದ್ದಾರೆ, ನಾವು ರಾಜಣ್ಣನ ಹಾಡು ಅಂತ ಕೇಳಿದ್ವಿ, ಸರಿಯೇ, ಒಳಗೆ ಗಿಟಾರ್ ಯಾರ್ದು ಅಂತ ಯಾರು ಕೇಳಿದ್ರು?

ಅಂದ್ರೆ ಯಾರು ಬಾರಿಸಿದ್ರೇನು ಅನ್ನೋದು ನನ್ನ ಮಗಳ ಪೀಳಿಗೆ ಹುಟ್ಟಿಸಿದ ಮಾತಲ್ಲ. ನಾವು ಅದನ್ನ ಬಾಯಿ ಬಿಟ್ಟು ಹೇಳ್ತಿರಲಿಲ್ಲ ಅಷ್ಟೇ. ಮುಖ ಇಲ್ದೆ, ಹೆಸರಿಲ್ದೆ ಬಂದ ಸಂಗೀತವನ್ನ ಸುಮ್ನೆ ಕೇಳಿ ರೂಢಿ ಆಗಿತ್ತು ನಮಗೆ. ಆ ಸಾಲಲ್ಲಿ ಕೂತಿದ್ದ ಮನುಷ್ಯನನ್ನ ಒಂದು ದಿನ ಎಬ್ಬಿಸಿ ಕಳಿಸಿದ್ರೆ ನಮಗೆ ಗೊತ್ತಾಗಲ್ಲ ಅಂತ ಇಂಡಸ್ಟ್ರಿಗೆ ನಮಗಿಂತ ಮೊದಲೇ ಗೊತ್ತಿತ್ತು.

ಅಪ್ಪಯ್ಯನ ಪ್ರಶ್ನೆ

ಆದ್ರೆ ಎಲ್ಲ ಕೇಳೋರೂ ಹೀಗೇ ಅಂತ ಹೇಳಕ್ಕಾಗಲ್ಲ, ಅದಕ್ಕೆ ಸಾಕ್ಷಿ ನಮ್ಮನೆಯಲ್ಲೇ ಇತ್ತು. ನನ್ನ ಅಪ್ಪಯ್ಯ ಯಕ್ಷಗಾನದ ಹುಚ್ಚ. ನಮ್ಮ ಕಡೆಯ ಆಟದ ಕರಪತ್ರ ನೋಡಿದೋರಿಗೆ ಗೊತ್ತು, ವೇಷದೋರ ಹೆಸರಿಗಿಂತ ಮೊದಲು ಹಿಮ್ಮೇಳ ಅಂತ ಬರ್ತದೆ, ಭಾಗವತರು ಇಂಥೋರು, ಮದ್ದಳೆ ಇಂಥೋರು, ಚಂಡೆ ಇಂಥೋರು. ಹಿಂದೆ ಕೂರೋರ ಹೆಸರು ಮುಂದೆ. ಭಾಗವತ ಕಾಳಿಂಗ ನಾವಡರ ಕ್ಯಾಸೆಟ್ಟು ನಮ್ಮನೆಯಲ್ಲಿ ಸವೆದು ಸವೆದು ಚಂಡೆ ಶಬ್ದ ನೀರೊಳಗಿಂದ ಬಂದ ಹಾಗೆ ಆಗಿತ್ತು. ನಾವಡರು 1990ರಲ್ಲಿ ಅಪಘಾತದಲ್ಲಿ ಹೋದಾಗ ಅಪ್ಪಯ್ಯ ಎರಡು ದಿನ ಸರಿ ಉಣ್ಲಿಲ್ಲ, ಮೂವತ್ತರ ಆಸುಪಾಸಿನ ವಯಸ್ಸು ಅವರಿಗೆ. ಈ ಅಪ್ಪಯ್ಯ ಯಾರ ಮನೆಯಲ್ಲಿ ಯಾವ ಪದ ಕೇಳಿದ್ರೂ ಭಾಗವತರು ಯಾರು ಅಂತ ಕೇಳ್ತಿರಲಿಲ್ಲ, ಅದು ದನಿಯಲ್ಲೇ ಗೊತ್ತಾಗ್ತದಲ್ಲ. ಕೇಳ್ತಿದ್ದದ್ದು ಒಂದೇ, "ಮದ್ದಳೆ ಯಾರ್ದ್?" ಉತ್ತರ ಸಿಗದಿದ್ರೆ ಆ ಕ್ಯಾಸೆಟ್ ಅವರ ಲೆಕ್ಕದಲ್ಲಿ ಅರ್ಧ ಕ್ಯಾಸೆಟ್.

ಮಳೆಗಾಲದಲ್ಲಿ ಮೇಳದೋರು ಮುಂಬೈಗೆ ಬಂದಾಗ ಮಾಟುಂಗಾದಲ್ಲೋ ಕುರ್ಲಾದಲ್ಲೋ ಆಟ ಇದ್ರೆ ಈಗಲೂ ಹೋಗ್ತೀನಿ. ಅಲ್ಲಿ ಹಿಂದಿನ ಸಾಲಲ್ಲಿ ಕೂತ ಹಳೇ ಹೋಟ್ಲು ಕಾರ್ಮಿಕರು, ಇಪ್ಪತ್ತು ಮೂವತ್ತು ವರ್ಷ ಪ್ಲೇಟು ತೊಳೆದ ಕೈಗಳು, ಮೊಣಕಾಲ ಮೇಲೆ ಮದ್ದಳೆಯ ಪೆಟ್ಟು ಹಿಡೀತಿರ್ತವೆ, ಒಂದು ಪೆಟ್ಟು ಹೆಚ್ಚಾದ್ರೆ ಮುಖ ಸಿಂಡರಿಸ್ತಾರೆ. ನೊಟೇಶನ್ ಯಾರಿಗೂ ಗೊತ್ತಿಲ್ಲ. ಸಂಗೀತ ಕೇಳೋ ಈ ರೀತಿ ನನ್ನ ರಕ್ತದಲ್ಲೇ ಇತ್ತು, ಆದ್ರೆ ನಾನು ಅದನ್ನ ಮೇಡನ್‌ಗೆ ಬಳಸಿದೆ, ಅಂಕಲ್‌ಗೆ ಬಳಸ್ಲಿಲ್ಲ. ಯಾಕಿರಬಹುದು? ಬಾರು ಅಂದ್ರೆ ಕಲೆ ಅಲ್ಲ ಅಂತ ಎಲ್ಲೋ ಒಳಗೆ ತೀರ್ಮಾನ ಆಗಿತ್ತೇನೋ. ಸಂಬಳ ಕೊಡ್ತೀವಿ, ಬಾರಿಸ್ತಾರೆ.

ಬ್ಯಾಂಡ್ ಅನ್ನೋದರ ಮೇಲೆ ನನಗೆ ಇಷ್ಟು ಪ್ರೀತಿ ಯಾಕೆ ಅಂತ ಯೋಚನೆ ಮಾಡಿದ್ರೆ ಸಂಗೀತಕ್ಕಿಂತ ಆ ಎರಡು ನಿಮಿಷ ನೆನಪಾಗ್ತದೆ, ಕೊನೇ ಹಾಡಿನ ಮಧ್ಯ ಹಾಡುಗಾರ ತಿರುಗಿ ಒಬ್ಬೊಬ್ಬರ ಹೆಸರು ಕೂಗ್ತಾನಲ್ಲ, ಬಾಸಲ್ಲಿ ಇಂಥೋರು, ಡ್ರಮ್ಸಲ್ಲಿ ಇಂಥೋರು, ಅವ್ರು ನಾಲ್ಕು ಪೆಟ್ಟು ಜಾಸ್ತಿ ಬಾರಿಸಿ ತಲೆ ಬಾಗಿಸ್ತಾರೆ. ಲೋವರ್ ಪರೇಲ್‌ನ ಬ್ಲೂಫ್ರಾಗ್ ಅನ್ನೋ ಲೈವ್ ಮ್ಯೂಸಿಕ್ ಕ್ಲಬ್ಬಲ್ಲಿ ಒಂದು ಸಲ ರಘು ದೀಕ್ಷಿತ್ ಬ್ಯಾಂಡ್ ನೋಡಿದ್ದೆ, ಅವರ ಮೊದಲ ಆಲ್ಬಂ ಬಂದ ಹೊಸತು. ಲುಂಗಿ, ಗೆಜ್ಜೆ. ಸುತ್ತ ಮಿಲ್ ಕಾಂಪೌಂಡಿನ ಸಾಹುಕಾರ ಮಕ್ಕಳು, ಒಂದು ಬಿಯರಿನ ರೇಟಲ್ಲಿ ಮಾಮನ ಹೋಟ್ಲಲ್ಲಿ ನಾಲ್ಕು ಜನ ಊಟ ಮಾಡಬಹುದು, ಅಂಥ ಜಾಗದಲ್ಲಿ ಶಿಶುನಾಳ ಶರೀಫರ ಗುಡುಗುಡಿ. ಪಕ್ಕದ ಹುಡುಗಿ ಅರ್ಥ ಗೊತ್ತಿಲ್ದೆ "ಗುಡುಗುಡಿಯಾ" ಅಂತ ಕಿರುಚ್ತಿದ್ಲು, ನನ್ನ ಹತ್ರ ಏನು ಹಾಗಂದ್ರೆ ಅಂತ ಕೇಳಿದ್ಲು. ಹುಕ್ಕಾ ಅಂದೆ. ಖುಷಿಯಾಗಿ ಇನ್ನೂ ಜೋರು ಕಿರುಚಿದ್ಲು. ಒಳಗಿನ ರೋಗ ತೆಗೆದು ಎಸಿ ಅನ್ನೋ ತತ್ವಪದ ಅದು ಅಂತ ಆ ಗಲಾಟೆಯಲ್ಲಿ ಹೇಗೆ ವಿವರಿಸ್ಲಿ, ಬಿಟ್ಟೆ. ಆಮೇಲೆ ಬ್ಯಾಂಡಿನೋರ ಪರಿಚಯ ಆಯ್ತು, ವಯಲಿನ್ ಬಾರಿಸೋರಿಗೆ ಎಲ್ಲರಿಗಿಂತ ಜೋರು ಚಪ್ಪಾಳೆ. ಆವಾಗ ಒಂದು ಕ್ಷಣ ಅಂಕಲ್ ನೆನಪು ಬಂತಾ ಅಂತ ಬರೆಯೋ ಆಸೆ ಇದೆ. ಇಲ್ಲ, ಬರ್ಲಿಲ್ಲ.

ಲ್ಯಾಪ್‌ಟಾಪಿಗೆ ಊಟ ಬೇಡ

ಮಾಮನ ಆರ್ಕೆಸ್ಟ್ರಾ ಕರಗಿದ್ದು ಒಂದೇ ದಿನದಲ್ಲಲ್ಲ. ಮೊದಲು ಆಕ್ಟೋಪ್ಯಾಡ್ ಹುಡುಗ ಹೋದ, ಕೀಬೋರ್ಡಲ್ಲೇ ರಿದಮ್ ಇದೆಯಲ್ಲ ಅಂತ. 2000ದ ಹೊತ್ತಿಗೆ ಅಂಕಲ್ ಮಡಗಾಂವ್ ಹತ್ರ ಊರಿಗೆ ಹೋಗ್ತೀನಿ ಅಂತ ಹೋದ್ರು, ಗಣಪತಿ ಹಬ್ಬದ ಗಲಾಟೆಯಲ್ಲಿ ನಾನು ಸರಿ ಮಾತಾಡಿಸ್ಲೂ ಇಲ್ಲ. ಅವರ ಜಾಗಕ್ಕೆ ಸಿಡಿ, ಆಮೇಲೆ ಲ್ಯಾಪ್‌ಟಾಪು. ಮಾಮನ್ನ ಕೇಳಿದ್ದೆ ಯಾಕೆ ಅಂತ. "ಲ್ಯಾಪ್‌ಟಾಪಿಗೆ ಊಟ ಹಾಕುದ್ ಬ್ಯಾಡ ಮಾಣಿ" ಅಂದ್ರು. ಮಾಮನ ಮೇಲೆ ಸಿಟ್ಟಿಲ್ಲ, 2005ರಲ್ಲಿ ಸರ್ಕಾರ ಡಾನ್ಸ್ ಬಾರ್ ನಿಲ್ಲಿಸಿದ್ಮೇಲೆ ಮೇಲಿನ ಮಾಳಿಗೆ ಇಟ್ಕೊಂಡೋರೆಲ್ಲ ಲೈಸೆನ್ಸು, ರೇಡು, ವಕೀಲರು ಅಂತ ಹೈರಾಣಾಗಿದ್ರು. ಆರ್ಕೆಸ್ಟ್ರಾ ಲೈಸೆನ್ಸಲ್ಲಿ ಸ್ಟೇಜ್ ಮೇಲೆ ಎಷ್ಟು ಹೆಂಗಸರು ಎಷ್ಟು ಗಂಡಸರು ನಿಲ್ಲಬೇಕು ಅಂತ ತಲೆ ಎಣಿಸಿ ಷರತ್ತು ಹಾಕ್ತಿದ್ರು, ಅದನ್ನ ಸುಪ್ರೀಂ ಕೋರ್ಟ್ ತೆಗೆದುಹಾಕಿದ್ದು 2022ರಲ್ಲಿ. ಅಷ್ಟೊತ್ತಿಗೆ ಎಣಿಸಕ್ಕೆ ತಲೆಗಳೇ ಉಳಿದಿರಲಿಲ್ಲ. ಮಾಮ ಮೇಲಿನ ಮಾಳಿಗೆಯನ್ನ ಎಸಿ ಫ್ಯಾಮಿಲಿ ಸೆಕ್ಷನ್ ಮಾಡಿ, ಆಮೇಲೆ ಹೋಟ್ಲನ್ನೇ ಮಾರಿ ಊರು ಸೇರಿದ್ರು.

ಹಾಗಂತ ಇದು ಬಾರಿನ ಕಥೆ ಮಾತ್ರ ಅಲ್ಲ. ಈಗ ನಮ್ಮ ಮುಂಬೈ ಕನ್ನಡ ಸಂಘಗಳ ಸಂಗೀತ ಸಂಜೆಗೆ ಹೋಗಿ ನೋಡಿ, ಮೊದಲು ತಬಲಾ ಹಾರ್ಮೋನಿಯಂ ಕೊಳಲು ಇಟ್ಟು ಭಾವಗೀತೆ ಹಾಡ್ತಿದ್ದ ಜಾಗದಲ್ಲಿ ಈಗ ಕರೋಕೆ. ಹಾಡೋರು ಹದಿನೆಂಟು ಜನ, ಬಾರಿಸೋರು ಸೊನ್ನೆ. ಎಲ್ಲರಿಗೂ ಹಾಡೋ ಅವಕಾಶ ಸಿಗ್ತದೆ, ಅದು ಒಳ್ಳೇದೇ, ನಾನೂ ಹಾಡಿದ್ದೀನಿ, ಶ್ರುತಿ ಇಲ್ಲದೆ. ಆದ್ರೆ ಟ್ರ್ಯಾಕು ನನಗೋಸ್ಕರ ಕಾಯಲ್ಲ, ನಾನು ಚರಣ ಲೇಟಾಗಿ ಹಿಡಿದ್ರೆ ಅದು ತನ್ನ ಪಾಡಿಗೆ ಮುಂದಿನ ಸ್ಟೇಶನ್ನಿಗೆ ಹೋಗಿರ್ತದೆ. ತಬಲಾದೋನಾದ್ರೆ ಒಂದು ಸುತ್ತು ಸುಮ್ನೆ ತಿರುಗಿಸಿ ಕಣ್ಣಲ್ಲೇ ಬಾ ಅಂತಿದ್ದ.

ಸ್ಟ್ರೀಮಿಂಗ್ ಲೆಕ್ಕ ಇನ್ನೂ ಮಜಾ ಇದೆ. ಸ್ಪಾಟಿಫೈನಲ್ಲಿ ಮೂವತ್ತು ಸೆಕೆಂಡ್ ದಾಟಿದ್ರೆ ಒಂದು ಸಲ ಕೇಳಿದ ಹಾಗೆ. ಮೂವತ್ತು ಸೆಕೆಂಡ್! ನಮ್ಮ ರಾಜನ್-ನಾಗೇಂದ್ರ ಕಾಲದ ಎಷ್ಟೋ ಹಾಡಲ್ಲಿ ಅಷ್ಟೊತ್ತಿಗೆ ಹಾಡೋರು ಬಾಯಿ ಬಿಡೋದೇ ಇಲ್ಲ, ವಯಲಿನ್ನು ಕೊಳಲು ಬಾಗಿಲಿಗೆ ತೋರಣ ಕಟ್ತಿರ್ತವೆ. ಈಗ ಬಾಗಿಲೇ ಇಲ್ಲ, ಒಳಗೆ ಬಂದ ತಕ್ಷಣ ಪಲ್ಲವಿ. 2024ರಿಂದ ಹನ್ನೆರಡು ತಿಂಗಳಲ್ಲಿ 1,000 ಸಲ ಆದ್ರೂ ಕೇಳಿಸ್ಕೊಳ್ಳದ ಹಾಡಿಗೆ ಅಲ್ಲಿ ದುಡ್ಡೂ ಇಲ್ಲ. ಒಂದು ಹಾಡಿಗೆ ಇಷ್ಟು ಪೈಸೆ ಅಂತ ಕಟ್ಟಿಟ್ಟ ರೇಟು ಇಲ್ಲ, ಬಂದ ದುಡ್ಡನ್ನ ಒಂದು ಹಂಡೆಗೆ ಹಾಕಿ ಯಾರನ್ನ ಎಷ್ಟು ಪಾಲು ಕೇಳಿದ್ರೋ ಅಷ್ಟು ಹಂಚೋದು. ಹಾಗಾಗಿ ನಾನು ಲೋಕಲ್ಲಲ್ಲಿ ತೂಕಡಿಸ್ತಾ ಕೇಳಿದ ಆ ವಾರ್ನಿಶ್ ಹುಡುಗರು ಅದೇ ಹಂಡೆಯಿಂದ ಒಂದು ಲೋಟ ಎತ್ಕೊಂಡ ಹಾಗಾಯ್ತು, ಆ ಲೋಟ ಯಾರದ್ದಾಗಬೇಕಿತ್ತೋ. 2012ರಲ್ಲಿ ಕಾಪಿರೈಟ್ ಕಾಯ್ದೆ ತಿದ್ದಿ ಹಾಡು ಬರೆದೋರ, ಟ್ಯೂನ್ ಹಾಕಿದೋರ ರಾಯಲ್ಟಿಯನ್ನ ಕಂಪನಿಗಳು ಬರೆಸ್ಕೊಳ್ಳೋ ಹಾಗಿಲ್ಲ ಅಂತ ಮಾಡಿದ್ರು, ದೊಡ್ಡ ಕೆಲಸವೇ, ಆದ್ರೆ ಹಿಂದಿನ ಸಾಲಲ್ಲಿ ಕೂತೋರ ಮಾತು ಆವಾಗಲೂ ನನ್ನ ಕಿವಿಗೆ ಬೀಳ್ಲಿಲ್ಲ.

ಎಐ ಅಂದ ಕೂಡ್ಲೇ ಅಯ್ಯೋ ಅನ್ನೋ ಪೈಕಿ ನಾನಲ್ಲ. 2024ರಲ್ಲಿ ರೆಹಮಾನ್ ಒಂದು ತಮಿಳು ಸಿನಿಮಾ ಹಾಡಿಗೆ ತೀರಿಹೋದ ಇಬ್ಬರು ಗಾಯಕರ ದನಿಯನ್ನ ಎಐಯಲ್ಲಿ ಎಬ್ಬಿಸಿದಾಗ ಮನೆಯೋರ ಒಪ್ಪಿಗೆ ತಗೊಂಡು ದುಡ್ಡನ್ನೂ ಕೊಟ್ಟಿದ್ದೀವಿ ಅಂತ ಹೇಳಿದ್ರು. ಅದು ಸರಿಯೋ ತಪ್ಪೋ ಜಗಳ ಆಡಬಹುದು, ಆದ್ರೆ ಅಲ್ಲಿ ಕಡೇಪಕ್ಷ ದನಿ ಯಾರ್ದು ಅನ್ನೋ ಪ್ರಶ್ನೆ ಬಂದಿತ್ತು, ಉತ್ತರವೂ ಇತ್ತು.

ಇನ್ನೊಂದು ಕಡೆ ಲೈವ್ ಶೋಗಳು. 2025ರ ಜನವರಿಯಲ್ಲಿ ಕೋಲ್ಡ್‌ಪ್ಲೇ ನವಿ ಮುಂಬೈಯ ಡಿ.ವೈ. ಪಾಟೀಲ್ ಸ್ಟೇಡಿಯಮ್ಮಿಗೆ ಮೂರು ದಿನ ಬಂದ್ರಲ್ಲ, ಮಗಳು ಟಿಕೆಟ್ಟಿಗೆ ಫೋನಲ್ಲಿ ಕ್ಯೂ ನಿಂತಿದ್ಲು, ಅವಳ ಮುಂದೆ ಆರು ಲಕ್ಷದ ಚಿಲ್ಲರೆ ಜನ. ಸಿಗಲಿಲ್ಲ ಅಂತ ಬೇರೆ ಹೇಳ್ಬೇಕಾಗಿಲ್ಲ. ಅಷ್ಟು ಜನ ಹೆಸರು ಗೊತ್ತಿರೋ ನಾಲ್ಕು ಮನುಷ್ಯರನ್ನ ಕಣ್ಣಾರೆ ನೋಡಕ್ಕೆ ಹೊಡೆದಾಡ್ತಾರೆ, ಅದೇ ಜನ, ನಾನೂ ಸೇರಿ, ದಿನದ ಎರಡು ಗಂಟೆ ಹೆಸರಿಲ್ಲದೋರನ್ನ ಕೇಳ್ತಾರೆ. ಮಧ್ಯದ ಜಾಗ ಖಾಲಿ. ಬ್ಲೂಫ್ರಾಗ್ 2016ರಲ್ಲಿ ಮುಚ್ಚಿತು, ಅದೇ ವರ್ಷ ಕಾಳಾ ಘೋಡಾದ ಸಿಡಿ ಅಂಗಡಿ ರಿದಮ್ ಹೌಸೂ. ರಿದಮ್ ಹೌಸ್ ಮುಚ್ಚಿದಾಗ ಫೇಸ್‌ಬುಕ್ಕಲ್ಲಿ ನಾನೂ ಕಣ್ಣೀರು ಹಾಕಿದೋನೇ. ಲಂಚ್ ಟೈಮಲ್ಲಿ ಎಷ್ಟೋ ಸಲ ಅಲ್ಲಿ ಹೋಗಿ ಸಿಡಿ ತಿರುಗಿಸಿ ಹಿಂದಿನ ಹೆಸರುಗಳನ್ನ ಓದಿ ಮತ್ತೆ ಅದೇ ಜಾಗದಲ್ಲಿಟ್ಟು ಬಂದಿದ್ದೀನಿ. ಕೊನೇ ಸಲ ದುಡ್ಡು ಕೊಟ್ಟು ತಗೊಂಡಿದ್ದು ಯಾವಾಗ ಅಂತ ಲೆಕ್ಕ ಹಾಕಿದ್ರೆ, ಮುಚ್ಚೋದಕ್ಕಿಂತ ಐದು ವರ್ಷ ಮುಂಚೆ.

ಮೊನ್ನೆ ಭಾನುವಾರ

ಮಗಳು ಕೇಳಿದ ಮೇಲೆ ಸುಮ್ನಿರಕ್ಕಾಗ್ಲಿಲ್ಲ, ಮಾಮನಿಗೆ ಫೋನ್ ಮಾಡಿದೆ. ಎಂಬತ್ತು ಹತ್ರ, ಕಿವಿ ಮಂದ, ಸ್ಪೀಕರಲ್ಲಿ ಕೂಗ್ಬೇಕು. ಮಾಮ, ಆ ಕೀಬೋರ್ಡಿನ ಗೋವಾದವ್ರ ಹೆಸ್ರ್ ಎಂತ ಅಂತ ಕೇಳಿದೆ.

"ಯಾರ್, ಆ ಬೋಳು ತಲೆಯವ್ರಾ? ಮೀನ್ ಸಾರಿಗೆ ಹುಳಿ ಸಾಲ್ದ್ ಅಂದ್ ಯಾವಾಗ್ಳೂ ಅಡುಗೆಯವ್ನತ್ರ ಜಗಳ ಆಡ್ತಿದ್ರಲೆ?" ಅಂದ್ರು. ನೆನಪು ಚೆನ್ನಾಗೇ ಇದೆ. ಅವರಿಗೆ ಕೊಡ್ತಿದ್ದ ಪಗಾರ ನೆನಪಿದೆ, ರಾತ್ರಿ ಕೊನೇ ಕರ್ಜತ್ ಲೋಕಲ್ ಹಿಡೀತಿದ್ದದ್ದು ನೆನಪಿದೆ, ಕ್ರಿಸ್‌ಮಸ್ಸಿಗೆ ಒಂದು ದಿನ ಮುಂಚೆ ರಜಾ ಕೇಳ್ತಿದ್ದದ್ದು ನೆನಪಿದೆ. ಹೆಸರಿಗೆ ಬಂದಾಗ ಸುಮಾರು ಹೊತ್ತು ಸುಮ್ನಿದ್ರು. ಫೋನಲ್ಲಿ ಹಿಂದೆ ಕಾಗೆ ಕೂಗೋದು ಕೇಳಿಸ್ತಿತ್ತು. "ಎಲ್ಲ್ರೂ ಮಾಸ್ಟ್ರ್ ಅಂದೇ ಕರಿತಿದ್ರ್. ಪಗಾರ್ ಪುಸ್ತಕದಗೆ ನಾನ್ ಕೀಬೋರ್ಡ್ ಅಂದೇ ಬರಿತಿದ್ದೆ ಕಾಣ್" ಅಂದ್ರು.

ಕೀಬೋರ್ಡ್, ಆಕ್ಟೋಪ್ಯಾಡ್, ಮೇಲ್, ಫೀಮೇಲ್. ಆ ಪುಸ್ತಕದಲ್ಲಿ ತಿಂಗಳ ಕೊನೆಗೆ ಟೋಟಲ್ ಹಾಕ್ತಿದ್ದದ್ದು ನಾನೇ.

ಫೋನ್ ಇಟ್ಮೇಲೆ ಮಗಳು, ಆ ಹಾಡು ಯಾವುದು ಹಾಡು ನೋಡೋಣ ಅಂದ್ಲು. ಗುನುಗಿದ್ರೆ ಹಾಡು ಹುಡುಕಿ ಕೊಡೋದಿದೆಯಲ್ಲ ಫೋನಲ್ಲಿ, ಅದನ್ನ ನನ್ನ ಬಾಯಿ ಹತ್ರ ಹಿಡಿದ್ಲು. ಪಲ್ಲವಿ ಗುನುಗಿದೆ, ಚರಣಕ್ಕೆ ಬಂದೆ, ಎರಡನೇ ಸಾಲಲ್ಲಿ ಆ ತಿರುವು ನುಂಗಿ ನೇರ ಕೆಳಗೆ ಇಳಿದೆ, ಇಳಿದ ಮೇಲೆ ಗೊತ್ತಾಯ್ತು. ನಿಲ್ಲಿಸಿ ಮತ್ತೆ ಹಿಡಿಯೋಣ ಅನ್ನೋಷ್ಟರಲ್ಲಿ ಫೋನು ಟಿಂಗ್ ಅಂತ ಹಾಡಿನ ಹೆಸರು ತೋರಿಸಿ ಪಕ್ಕದಲ್ಲಿ ತೊಂಬತ್ನಾಲ್ಕು ಪರ್ಸೆಂಟ್ ಮ್ಯಾಚ್ ಅಂತ ಬರೆದಿತ್ತು.

"ಕರೆಕ್ಟಾಗೇ ಹಾಡಿದ್ರಲ್ಲ ಪಪ್ಪಾ" ಅಂದ್ಲು.